ಗಾಲಿ ನೆಲ ಮುಟ್ಟಿದ ಮೇಲೆ ಬಿಗಿ ಮಾಡು

ಸದ್ದು ಮೊದಲು ಕೇಳಿಸಿದ್ದು ನನಗಲ್ಲ, ಅವ್ವನಿಗೆ. ಭಾನುವಾರ ಸಂಜೆ ಊರಿನಿಂದ ಮಂಡ್ಯಕ್ಕೆ ವಾಪಸ್ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿದ್ದ ಅವ್ವ, "ಲೋ, ಡಿಕ್ಕೀಲಿ ಕಾಯಿ ಉಳ್ಳಾಡ್ತಾವೆ ಕಣೋ, ವಸಿ ನಿಲ್ಸಿ ಸರಿಯಾಗಿ ಇಡು" ಅಂದಳು.

ನಿಲ್ಲಿಸಿದೆ. ಹನ್ನೆರಡು ತೆಂಗಿನಕಾಯಿ, ಅರ್ಧ ಮೂಟೆ ಅಕ್ಕಿ, ಒಂದು ಡಬ್ಬ ಬೆಲ್ಲ. ಕಾಯಿಗಳನ್ನು ಮೂಟೆಯ ಸಂದಿಗೆ ಸೇರಿಸಿ, ಅಲ್ಲಾಡದ ಹಾಗೆ ಗೋಣಿಚೀಲ ತುರುಕಿದೆ. ಮುಂದಿನ ಉಬ್ಬು ದಾಟುವಾಗ ಮತ್ತೆ ಟೊಕ್. ಈ ಸಲ ನಾನೂ ಕಿವಿಗೊಟ್ಟೆ. ಸದ್ದು ಡಿಕ್ಕಿಯದಲ್ಲ. ಎಡಗಡೆ ಮುಂದಿನ ಚಕ್ರದ ಕಡೆಯಿಂದ ಬರುತ್ತಿತ್ತು.

ಆಗ ಕಾರು ಓಡಿದ್ದು 38,000 ಕಿಲೋಮೀಟರ್. ಸಾಲದ ಕಂತು ಇನ್ನೂ ಮುಗಿದಿರಲಿಲ್ಲ. ಯಾವ ಕಾರು ಅಂತ ಹೇಳುವುದಿಲ್ಲ, ಅದರ ತಪ್ಪೇನೂ ಇಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನ ಹುಡುಗನಿಗೆ ನಾನು ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದೆ. ಸಣ್ಣ ಗುಂಡಿಗೆ ಕಟಕಟ, ಉಬ್ಬು ಇಳಿಯುವಾಗ ಟೊಕ್, ಬ್ರೇಕ್ ಒತ್ತಿದರೆ ಒಂದು ದಬ್. ಅವನು ಟೈಪ್ ಮಾಡಿಕೊಂಡಿದ್ದು 'ಫ್ರಂಟ್ ನಾಯ್ಸ್' ಅಂತ ಎರಡೇ ಪದ. ನನಗೆ ಬೇಜಾರಾಯಿತು. ಯಾಕೆಂದರೆ ಒಂದೊಂದು ಸದ್ದಿಗೂ ಬೇರೆ ಬೇರೆ ಅರ್ಥ ಇದೆ. ಕಟಕಟ ಅಂದರೆ ಸಾಮಾನ್ಯವಾಗಿ ಲಿಂಕ್ ರಾಡ್, ಕಾರು ವಾಲದಂತೆ ತಡೆಯುವ ಸರಳನ್ನು ಚಕ್ರದ ಕಡೆಗೆ ಸೇರಿಸುವ ಸಣ್ಣ ಕಡ್ಡಿ. ಬ್ರೇಕ್ ಒತ್ತಿದಾಗ ದಬ್ ಅಂದರೆ, ಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ತೋಳಿನ, ಅಂದರೆ ಲೋಯರ್ ಆರ್ಮ್‌ನ, ರಬ್ಬರ್ ಬುಷ್ ಮೇಲೆ ಅನುಮಾನ ಪಡಬೇಕು. ನಿಂತ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸುವಾಗ ಟೊಕ್ ಅಂತ ಚಿಮ್ಮಿದರೆ ಸ್ಟ್ರಟ್ ಮೌಂಟ್, ಅಂದರೆ ಮುಂದಿನ ಸ್ಪ್ರಿಂಗ್–ಶಾಕಬ್ಸರ್ ಕಂಬದ ಮೇಲ್ತುದಿ ಕೂರುವ ಜಾಗ. ಕಟಕಟ, ಗಡಗಡ, ಕಿರ್, ಗುಂಯ್ ಅನ್ನೋ ಪದಗಳಿಲ್ಲದ ಭಾಷೆಯವರು ಕಾರು ಹೇಗೆ ರಿಪೇರಿ ಮಾಡಿಸುತ್ತಾರೋ ಕಾಣೆ.

ಮಧ್ಯಾಹ್ನ ಫೋನ್ ಬಂತು. ಎರಡೂ ಕಡೆ ಲೋಯರ್ ಆರ್ಮ್, ಲಿಂಕ್ ರಾಡ್, ಎಡಗಡೆ ಶಾಕಬ್ಸರ್ ಲೀಕ್, ಆದರೆ ಜೋಡಿಯಾಗಿ ಬದಲಿಸಬೇಕು. ಅಲೈನ್‌ಮೆಂಟ್, ಕೂಲಿ ಎಲ್ಲ ಸೇರಿ ಹತ್ತೊಂಬತ್ತು ಸಾವಿರ ಚಿಲ್ಲರೆ.

"ಇಷ್ಟು ಬೇಗ ಹೋಗುತ್ತಾ?" ಅಂದೆ.

"ನಮ್ ಕಡೆ ರೋಡ್ ಕಂಡೀಷನ್ ಗೊತ್ತಲ್ಲ ಸಾರ್."

ವಾರಂಟಿ ಕೇಳಿದೆ. ರಬ್ಬರ್ ಸಾಮಾನು, ಸವೆಯುವ ಸಾಮಾನು ಅದಕ್ಕೆ ಬರೋದಿಲ್ಲ ಅಂದ. ಸರಿ, ಹಾಕಿ ಅಂದೆ. 'ರೋಡ್ ಕಂಡೀಷನ್' ಅನ್ನೋ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಯಾರೂ ಎದುರು ಮಾತಾಡೋದಿಲ್ಲ. ನಾನೂ ಆಡಲಿಲ್ಲ.

ಏಳು ತಿಂಗಳಾಯಿತು. 46,500ಕ್ಕೆ ಮತ್ತೆ ದಬ್.

ಈ ಸಲ ಅಲ್ಲಿಗೆ ಹೋಗಲಿಲ್ಲ. ಸ್ನೇಹಿತರೊಬ್ಬರು ಹೇಳಿದ ಬೇರೆ ಗ್ಯಾರೇಜಿಗೆ ಹೋದೆ. ಹೊಸ ಶೆಡ್ಡು, ಎರಡು ಕಂಬದ ಲಿಫ್ಟು, ಬೋಲ್ಟ್ ಬಿಗಿ ಮಾಡುವ ಗಾಳಿ ಗನ್ನು, ಎಲ್ಲ ಇತ್ತು. ಬುಷ್ ಹರಿದಿದೆ, ಹಿಂದೆ ಹಾಕಿದ್ದು ಡೂಪ್ಲಿಕೇಟ್ ಇರಬೇಕು ಅಂದರು. ಒಳ್ಳೆ ಸಾಮಾನು ಹಾಕಿಸಿದೆ. ಸೀಲ್ ಒಡೆಯುವಾಗ ಎದುರಿಗೇ ನಿಂತಿದ್ದೆ. ಅದೂ 8,500 ಕಿಲೋಮೀಟರಿಗೇ ಕೈಕೊಟ್ಟಿತು. 55,000 ದಾಟುತ್ತಿದ್ದ ಹಾಗೆ ಅದೇ ದಬ್, ಅದೇ ಎಡಗಡೆ.

ನನ್ನ ಓಡಾಟವನ್ನೂ ಇಲ್ಲಿ ಹೇಳಬೇಕು. ವಾರದಲ್ಲಿ ಮೂರು ದಿನ ಮಂಡ್ಯದಿಂದ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಕಾರಿನಲ್ಲಿ ಹೋಗುತ್ತೇನೆ. ಮಿಕ್ಕ ದಿನ ರೈಲು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ರಂದು, ನಮ್ಮ ಮಂಡ್ಯ ಜಿಲ್ಲೆಯಲ್ಲೇ. 118 ಕಿಲೋಮೀಟರಿನ ರಸ್ತೆ. ಅದರ ಮೇಲೆ ಹೋದರೆ ಸಸ್ಪೆನ್ಷನ್‌ಗೆ, ಅಂದರೆ ಏಟು ತಡೆಯುವ ಈ ಸ್ಪ್ರಿಂಗ್, ಆರ್ಮ್, ಬುಷ್‌ಗಳಿಗೆ, ಹೇಳಿಕೊಳ್ಳುವಂಥ ಕೆಲಸವೇ ಇಲ್ಲ. ಸೇತುವೆ ಜಾಯಿಂಟುಗಳಲ್ಲಿ ಟಪ್ ಟಪ್ ಅನ್ನುತ್ತೆ, ಅಷ್ಟೇ. ಆದರೆ ಗಣಂಗೂರಿನಲ್ಲಿ ಟೋಲ್ ಶುರುವಾದ ಮೇಲೆ ನಾನು ಜಾಣನಾದೆ. ಸರ್ವಿಸ್ ರೋಡು ಹಿಡಿದೆ. ಅಲ್ಲಿ ಗುಂಡಿ ಇದೆ, ಚರಂಡಿ ಮುಚ್ಚಳ ಇದೆ, ಎದುರುಗಡೆಯಿಂದ ಬರೋ ಟ್ರಾಕ್ಟರ್ ಇದೆ. ಟ್ರಾಕ್ಟರಿಗೆ ಜಾಗ ಕೊಡಲು ಎಡಗಾಲಿ ಟಾರಿನ ಅಂಚಿನಿಂದ ಕೆಳಗೆ ಇಳಿಯುತ್ತೆ, ಮತ್ತೆ ಹತ್ತುತ್ತೆ. ಯಾವಾಗಲೂ ಎಡಗಡೆಯೇ ಮೊದಲು ಹೋಗುವುದಕ್ಕೆ ಇದೊಂದು ಕಾರಣ. ಒಂದು ದಿನ ಕೂತು ಲೆಕ್ಕ ಹಾಕಿದೆ. ಟೋಲಿನಲ್ಲಿ ಉಳಿಸಿದ್ದು ಬುಷ್‌ಗೂ ಸಾಲುತ್ತಿರಲಿಲ್ಲ.

ಇನ್ನು ಊರಿನ ದಾರಿ. ಕೆರಗೋಡು ಕಡೆಯ ಈ ರಸ್ತೆಯಲ್ಲಿ ಊರಿಗೆ ಎರಡರಂತೆ ಉಬ್ಬು. ರಸ್ತೆ ಉಬ್ಬು ಹೇಗಿರಬೇಕು ಅನ್ನುವುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾಡಿಟ್ಟ ಅಳತೆ ಇದೆ: ಗಾಡಿ ಹೋಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟುವ ಹಾಗೆ ದುಂಡಗೆ. ಇದನ್ನು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಒಂದು ಬೆಳಿಗ್ಗೆ ಟೇಪು ಹಿಡಿದು ನಮ್ಮೂರ ಬಾಗಿಲ ಉಬ್ಬನ್ನು ಅಳೆದೆ. ಅಗಲ 48 ಸೆಂಟಿಮೀಟರ್, ಎತ್ತರ 16. ಅದು ಉಬ್ಬಲ್ಲ, ಹೊಸಿಲು. ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದ ಹಿರಿಯರೊಬ್ಬರು ನಿಂತು, "ಏನಪ್ಪಾ, ಅಗಲ ಮಾಡಾರಾ ರೋಡಾ?" ಅಂತ ಕೇಳಿದರು. ಹಿಂಗಿಂಗೆ, ಉಬ್ಬು ಅಳೀತಿದ್ದೀನಿ ಅಂದೆ. "ಅದ್ನ ನಾವೇ ಹಾಕ್ಕೊಂಡಿದ್ದು ಕಣಪ್ಪ. ಇಸ್ಕೂಲ್ ಮಗಾ ಒಂದುಕ್ಕೆ ಬೈಕ್‌ನೋನು ಗುದ್ದಿ ಕಾಲು ಮುರುದ್ನಲ್ಲ, ಅವತ್ತು ರಾತ್ರಿನೇ ಹಾಕುದ್ವಿ. ಮನೆ ಕಟ್ಟಿಸ್ತಿದ್ರಲ್ಲ, ಅವರ್ತಾವ ಮಿಕ್ಕಿದ್ ಕಾಂಕ್ರೀಟು" ಅಂದರು. ನಾನು ಟೇಪು ಸುತ್ತಿಕೊಂಡೆ. ಅದಾದ ಮೇಲೆ ಆ ಉಬ್ಬಿನ ಮೇಲೆ ನನಗೆ ಸಿಟ್ಟು ಬಂದಿಲ್ಲ.

ಮೂರನೇ ಸಲ ಹೋಗಿದ್ದು ಮೈಸೂರಿನ ಒಂದು ಹಳೇ ಗ್ಯಾರೇಜಿಗೆ. ಆಫೀಸಿನ ಡ್ರೈವರ್ ಹೇಳಿದ ಜಾಗ. ತಗಡಿನ ಶೆಡ್ಡು, ಬೇವಿನ ಮರ. ಲಿಫ್ಟ್ ಇಲ್ಲ, ನೆಲದಲ್ಲಿ ಉದ್ದಕ್ಕೆ ಒಂದು ಗುಂಡಿ. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿದರೆ ಮೇಸ್ತ್ರಿ ಕೆಳಗೆ ಇಳಿದು ಕೆಲಸ ಮಾಡುತ್ತಾರೆ. ಅರವತ್ತು ದಾಟಿದವರು. ಜಾವಾ ಫ್ಯಾಕ್ಟರಿ ನಡೀತಿದ್ದ ಕಾಲದಲ್ಲಿ ಯೆಜ್ಡಿ ಬೈಕ್ ಬಿಚ್ಚಿ ಕೆಲಸ ಕಲಿತೆ ಅಂದರು. ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಇವರು ಕಾರಿನ ಕಡೆ ಬಂದವರು.

ನಾನು ನನ್ನ ಕಥೆಯೆಲ್ಲ ಹೇಳಿ, ಕೊನೆಗೆ, "ನಮ್ಮ ರೋಡೇ ಹಂಗೆ ಅಲ್ವಾ" ಅಂದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಫ್ಯಾಕ್ಟರಿಯಿಂದ ಬಂದಿದ್ ಬುಷ್ ಎಷ್ಟು ಓಡ್ತು ಸಾರ್?"

"ಮೂವತ್ತೆಂಟು ಸಾವಿರ."

"ಆಮೇಲಿಂದು ಎಂಟೂವರೆ, ಎಂಟೂವರೆ. ರೋಡ್ ಬೇರೆ ಆಯ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಸಲ ದುಡ್ಡು ಕಟ್ಟುವಾಗಲೂ ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ರಸ್ತೆ ಅದೇ, ಡ್ರೈವರ್ ಅದೇ, ಅಕ್ಕಿ ಮೂಟೆಯೂ ಅದೇ.

ಆರ್ಮ್ ಬಿಚ್ಚಿ ಹೊರಗೆ ತಂದು ಬೆಂಚಿನ ಮೇಲೆ ಇಟ್ಟರು. ಲೋಯರ್ ಆರ್ಮ್ ಅಂದರೆ ಬಾಗಿದ ಮೊಣಕೈ ಥರ ಇರುವ ಒಂದು ಕಬ್ಬಿಣದ ತೋಳು. ಒಂದು ತುದಿಯಲ್ಲಿ ಬಾಲ್ ಜಾಯಿಂಟ್, ಅದು ಚಕ್ರದ ಕಡೆಗೆ. ಇನ್ನೆರಡು ಕಡೆ ಬುಷ್, ಅವು ಕಾರಿನ ಮೈಗೆ. ಬುಷ್ ನೋಡಲು ಏನೂ ಅಲ್ಲ. ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕೊಳವೆ, ಮಧ್ಯೆ ರಬ್ಬರ್. ನಾನು ಅಲ್ಲಿಯವರೆಗೆ ತಿಳಿದುಕೊಂಡಿದ್ದು, ಬಾಗಿಲ ಕೀಲಿನ ಹಾಗೆ ಒಳಗಿನ ಕೊಳವೆ ತಿರುಗುತ್ತದೆ ಅಂತ. ತಿರುಗುವುದಿಲ್ಲ. ಬೋಲ್ಟ್ ಬಿಗಿ ಮಾಡಿದಾಗ ಕೊಳವೆ ಕಾರಿನ ಮೈಗೆ ಕಚ್ಚಿಕೊಂಡು ನಿಲ್ಲುತ್ತೆ. ಬಳೆ ಆರ್ಮ್‌ಗೆ ಕಚ್ಚಿಕೊಂಡಿರುತ್ತೆ. ರಬ್ಬರ್ ಎರಡಕ್ಕೂ ಅಂಟಿರುತ್ತೆ. ಚಕ್ರ ಮೇಲೆ ಕೆಳಗೆ ಹೋದಾಗ ಯಾವುದೂ ಜಾರುವುದಿಲ್ಲ, ರಬ್ಬರ್ ತಿರುಚಿಕೊಳ್ಳುತ್ತೆ, ಮತ್ತೆ ಬಿಚ್ಚಿಕೊಳ್ಳುತ್ತೆ. ಅದರ ಕೆಲಸವೇ ಅದು.

ಮೇಸ್ತ್ರಿ ಸ್ಕ್ರೂ ಡ್ರೈವರ್ ತುದಿಯಿಂದ ರಬ್ಬರನ್ನು ಬಿಡಿಸಿ ತೋರಿಸಿದರು. ಸವೆದು ಪುಡಿಯಾಗಿರಲಿಲ್ಲ. ಕೊಳವೆಯ ಸುತ್ತ ಅರ್ಧ ಚಂದ್ರದ ಹಾಗೆ ಒಂದೇ ಸೀಳು. ಸೀಳಿನ ಬಾಯಿ ಎರಡು ಕಡೆಯೂ ಒಂದೇ ದಿಕ್ಕಿಗೆ ವಾಲಿತ್ತು, ಯಾರೋ ಹಿಡಿದು ಹಿಂಡಿದ ಹಾಗೆ. ಮಿಕ್ಕ ಅರ್ಧ ಹೊಸದರ ಹಾಗೇ ಇತ್ತು. "ಇದು ಗುಂಡಿಗೆ ಬಿದ್ದು ಹರಿದಿದ್ದಲ್ಲ. ಇದನ್ನ ಹಿಂಡಿ ಕಟ್ಟಿಬುಟ್ಟವ್ರೆ. ಗಾಡಿ ಲಿಫ್ಟ್ ಮೇಲಿತ್ತಾ ಬಿಗಿ ಮಾಡ್ವಾಗ?"

ಹೌದು, ಲಿಫ್ಟ್ ಮೇಲಿತ್ತು. ನಾನೇ ಪಕ್ಕದಲ್ಲಿ ನಿಂತು ನೋಡಿದ್ದೆ. ಗನ್ನು ಹಿಡಿದು ಟರ್‌ರ್ ಅಂತ ಬಿಗಿ ಮಾಡಿದಾಗ, ಆಹಾ ಎಷ್ಟು ಚೆನ್ನಾಗಿ ಕೆಲಸ ಮಾಡ್ತಾರೆ ಅಂದುಕೊಂಡಿದ್ದೆ ಕೂಡ.

ವಿಷಯ ಇಷ್ಟೇ. ಕಾರನ್ನು ಮೇಲೆತ್ತಿದಾಗ ಚಕ್ರಗಳು ಜೋತು ಬೀಳುತ್ತವೆ. ಆರ್ಮ್ ಕೆಳಮುಖವಾಗಿ ಬಾಗುತ್ತೆ. ಆ ಸ್ಥಿತಿಯಲ್ಲೇ ಬೋಲ್ಟ್ ಬಿಗಿ ಮಾಡಿದರೆ, ರಬ್ಬರಿಗೆ ಅದೇ ಆರಾಮದ ಜಾಗ ಅಂತ ನಿಗದಿ ಆಗಿಬಿಡುತ್ತೆ. ಕಾರು ಕೆಳಗೆ ಇಳಿದ ಕೂಡಲೇ ಅದರ ತೂಕ ಆರ್ಮ್ ಮೇಲೆ ಬಂದು ರಬ್ಬರ್ ತಿರುಚುತ್ತೆ. ನಾವು ಮನೆ ಮುಂದೆ ಕಾರು ನಿಲ್ಲಿಸಿ ಒಳಗೆ ಹೋಗಿ ಮಲಗಿದರೂ ಅದು ತಿರುಚಿಕೊಂಡೇ ಇರುತ್ತೆ. ಹಿಂಡಿದ ಒದ್ದೆ ಪಂಚೆಯನ್ನು ಹಾಗೇ ಹಿಡಿದುಕೊಂಡು, ಇನ್ನೂ ಹಿಂಡುತ್ತಾ ಹೋದ ಹಾಗೆ. ಅದರ ಮೇಲೆ ಹದಿನಾರು ಸೆಂಟಿಮೀಟರಿನ ಉಬ್ಬು ಬೇರೆ. ಹರಿಯದೆ ಏನಾಗುತ್ತೆ? ಕಾರು ತನ್ನ ಗಾಲಿಯ ಮೇಲೆ ನಿಂತಿರುವಾಗಲೇ ಬುಷ್ ಬೋಲ್ಟನ್ನು ಕೊನೆಯ ಬಿಗಿ ಮಾಡಬೇಕು ಅಂತ ಕಂಪನಿಗಳ ರಿಪೇರಿ ಪುಸ್ತಕಗಳಲ್ಲೇ ಬರೆದಿರುತ್ತೆ. ಆದರೆ ಲಿಫ್ಟ್ ಇಳಿಸಿ, ಚಕ್ರ ಹಾಕಿ, ಮತ್ತೆ ಕೆಳಗೆ ತೂರಿ ಬಿಗಿ ಮಾಡಲು ಇನ್ನೂ ಇಪ್ಪತ್ತು ನಿಮಿಷ ಬೇಕು. ಹೊರಗೆ ಇನ್ನೂ ಆರು ಕಾರು ಕಾಯುತ್ತಿರುತ್ತವೆ.

ಮಜಾ ಏನು ಅಂದರೆ, ಹಳೇ ಕಾಲದ್ದು ಅಂತ ನಾವು ಮೂಗು ಮುರಿಯೋ ಗುಂಡಿ ಗ್ಯಾರೇಜಿನಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಕಾರು ನೆಲದ ಮೇಲೇ ನಿಂತಿರುತ್ತೆ, ಇಳಿಯೋದು ಮನುಷ್ಯ. ಅವತ್ತು ಮೇಸ್ತ್ರಿ ಜಾಕ್ ಹಾಕಿ ಆರ್ಮ್ ಕೂರಿಸಿ, ಬೋಲ್ಟುಗಳನ್ನು ಕೈಯಲ್ಲಿ ಸಡಿಲವಾಗಿ ಹಾಕಿ, ಚಕ್ರ ಹಾಕಿ ಕಾರನ್ನು ಇಳಿಸಿದರು. ಆಮೇಲೆ ಹುಡುಗನಿಗೆ, "ಅದುಮು" ಅಂದರು. ಅವನು ಬಾನೆಟ್ ಮೇಲೆ ಎರಡೂ ಕೈ ಊರಿ ಐದಾರು ಸಲ ಅದುಮಿದ. ಕಾರು ತನ್ನ ಎತ್ತರಕ್ಕೆ ಬಂದು ಕೂತಿತು. ಆಗ ಇವರು ಗುಂಡಿಗಿಳಿದು ಉದ್ದ ಹಿಡಿಯ ಸ್ಪ್ಯಾನರಿನಿಂದ ಬಿಗಿ ಮಾಡಿದರು. ಹತ್ತುವಾಗ ಹುಡುಗನಿಗೇ ಹೇಳಿದರು, ನನಗಲ್ಲ: "ಗಾಲಿ ನೆಲ ಮುಟ್ಟಿದ ಮೇಲೆ ಬಿಗಿ ಮಾಡು. ಅಲ್ಲೀವರ್ಗೂ ಬೋಲ್ಟು ಅಲ್ಲಾಡ್ತಾ ಇರ್ಲಿ."

ಇಲ್ಲಿಗೆ ನಿಲ್ಲಿಸಿದ್ದರೆ ತಪ್ಪೆಲ್ಲ ಬೇರೆಯವರದು ಆಗುತ್ತಿತ್ತು, ನನಗೂ ಖುಷಿ ಇರುತ್ತಿತ್ತು. ಅಷ್ಟರಲ್ಲಿ ಮೇಸ್ತ್ರಿ ಹಳೇ ಬುಷ್ ಮೂಸಿ ನೋಡಿ, ನನ್ನ ಮೂಗಿಗೂ ಹಿಡಿದರು. ಡೀಸೆಲ್ ವಾಸನೆ. ನನ್ನದು ಪೆಟ್ರೋಲ್ ಕಾರು.

"ವಾಟರ್ ಸರ್ವಿಸ್‌ನಲ್ಲಿ ಕೆಳಗಡೆ ಸ್ಪ್ರೇ ಹೊಡಿಸ್ತೀರಾ?"

ಹೊಡೆಸುತ್ತಿದ್ದೆ. ನೂರು ರೂಪಾಯಿ ಜಾಸ್ತಿ ಕೊಟ್ಟು, ನಾನೇ ಕೇಳಿ ಹೊಡೆಸುತ್ತಿದ್ದೆ. ತುಕ್ಕು ಹಿಡಿಯಲ್ಲ, ಅಡಿ ಪಳಪಳ ಹೊಳೆಯುತ್ತೆ ಅಂತ. ಅಪ್ಪ ಇದ್ದಾಗ ಟ್ರಾಕ್ಟರಿಗೆ ಹಾಗೇ ಮಾಡುತ್ತಿದ್ದರು. ಅದಕ್ಕೂ ಮುಂಚೆ ನಮ್ಮ ತಾತ ಗಾಡಿಯ ಅಚ್ಚಿಗೆ ಕೀಲೆಣ್ಣೆ ಬಳಿಯುತ್ತಿದ್ದರು. ಎಣ್ಣೆ ಹಾಕಿದಷ್ಟೂ ಒಳ್ಳೇದು ಅನ್ನೋದು ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಬಂದದ್ದು. ಎತ್ತಿನ ಗಾಡಿಗೆ ಅದು ಸರಿ, ಅಲ್ಲಿ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತೆ. ಬುಷ್‌ನಲ್ಲಿರುವುದು ರಬ್ಬರ್. ಡೀಸೆಲ್ ಬಿದ್ದರೆ ನೈಸರ್ಗಿಕ ರಬ್ಬರ್ ಊದಿಕೊಂಡು ಮೆತ್ತಗಾಗುತ್ತೆ. ಫ್ಯಾಕ್ಟರಿಯ ಬುಷ್ 38,000ಕ್ಕೇ ಹೋಗಲು ನಾನು ಕೊಟ್ಟ ನೂರು ನೂರು ರೂಪಾಯಿಯ ಪಾಲೂ ಇದೆ ಅಂತ ನನಗೆ ಈಗ ಖಾತ್ರಿ.

ಅವತ್ತು ಶಾಕಬ್ಸರನ್ನೂ ನೋಡಿದರು. ಒಂದೂವರೆ ವರ್ಷವೂ ಆಗದ ಹೊಸದು. ಹೆಸರಿಗೆ ಶಾಕಬ್ಸರ್, ಆದರೆ ಏಟು ತಿನ್ನೋದು ಸ್ಪ್ರಿಂಗ್. ಏಟು ತಿಂದ ಸ್ಪ್ರಿಂಗ್ ಕುಣಿಯುತ್ತಾ ಇರುತ್ತಲ್ಲ, ಆ ಕುಣಿತ ನಿಲ್ಲಿಸೋದು ಶಾಕಬ್ಸರ್. ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಒಂದು ಪಿಸ್ಟನ್, ಅದರಲ್ಲಿ ಸಣ್ಣ ಸಣ್ಣ ಕಿಂಡಿ. ಎಣ್ಣೆ ಆ ಕಿಂಡಿಗಳಲ್ಲಿ ನುಸುಳಲು ಒದ್ದಾಡುವಾಗ ಕುಣಿತವೆಲ್ಲ ಬಿಸಿಯಾಗಿ ಕಳೆದುಹೋಗುತ್ತೆ. ಇಷ್ಟೂ ನಡೆಯುವುದು ಒಂದು ಬೆರಳು ದಪ್ಪದ ಹೊಳೆಯುವ ರಾಡ್ ಮತ್ತು ಅದರ ಕತ್ತಿನಲ್ಲಿರುವ ರಬ್ಬರ್ ಸೀಲಿನ ನಂಬಿಕೆ ಮೇಲೆ.

ಎಡಗಡೆ ರಾಡಿನ ಮೇಲೆ ಉಗುರು ಆಡಿಸಿ ನೋಡಿ ಅಂದರು. ಆಡಿಸಿದೆ. ಒಂದು ಕಡೆ ಉಗುರು ಸಿಕ್ಕಿಹಾಕಿಕೊಂಡಿತು. ಕಣ್ಣಿಗೆ ಸರಿಯಾಗಿ ಕಾಣದ ಸಾಲು ಗೀರು, ಇಕ್ಕಳದ ಹಲ್ಲಿನ ಗುರುತು. ಮೇಲಿನ ನಟ್ ಬಿಗಿ ಮಾಡುವಾಗ ರಾಡ್ ತಿರುಗದಿರಲಿ ಅಂತ ಯಾರೋ ಇಕ್ಕಳದಲ್ಲಿ ಹಿಡಿದಿದ್ದಾರೆ. ರಾಡಿಗೆ ಧೂಳು ಕೂರದಂತೆ ಮುಚ್ಚುವ ಡಸ್ಟ್ ಕವರ್ ಹಳೆಯದನ್ನೇ ಹಾಕಿದ್ದಾರೆ, ಅದು ಹರಿದು ನೇತಾಡುತ್ತಿತ್ತು. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಏಟು ತಡೆಯುವ ಬಂಪ್ ಸ್ಟಾಪರ್ ಅರ್ಧ ಉದುರಿತ್ತು. ಆ ಗೀರು ಸೀಲಿನಲ್ಲಿ ಸಾವಿರ ಸಲ ಹೋಗಿ ಬಂದರೆ ಸೀಲು ಎಷ್ಟು ದಿನ ಉಳಿಯುತ್ತೆ? ಕಬ್ಬಿನ ಗದ್ದೆ ರಸ್ತೆಯ ಧೂಳು, ನಾಲೆ ಏರಿಯ ಕೆಸರು ಬೇರೆ ಸೇರಿಕೊಂಡು ಶಾಕಬ್ಸರ್ ಮೈಮೇಲೆ ಕಪ್ಪಗೆ ಪಾಕದ ಹಾಗೆ ಹಿಡಿದಿತ್ತು. ಕವರ್, ಸ್ಟಾಪರ್ ಎರಡೂ ಸೇರಿ ಕೆಲವು ನೂರು ರೂಪಾಯಿಯ ಸಾಮಾನು. ಹತ್ತೊಂಬತ್ತು ಸಾವಿರದ ಬಿಲ್ಲಿನಲ್ಲಿ ಅವಕ್ಕೆ ಜಾಗ ಸಿಕ್ಕಿರಲಿಲ್ಲ.

ಈಗಿನ ಸಣ್ಣ ಕಾರುಗಳಲ್ಲಿ ಮುಂದಿನ ಸ್ಪ್ರಿಂಗು, ಶಾಕಬ್ಸರು ಎರಡೂ ಸೇರಿ ಒಂದೇ ಕಂಬ. ಅರ್ಲ್ ಮ್ಯಾಕ್‌ಫರ್ಸನ್ ಅನ್ನೋ ಅಮೆರಿಕದ ಇಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಜೋಡಣೆ ಇದು. ಅಗ್ಗ, ಹಗುರ, ಜಾಗ ಕಡಿಮೆ ಸಾಕು. 1983ರಲ್ಲಿ ಬಂದ ಮಾರುತಿ 800ರ ಮುಂದಿನ ಚಕ್ರಗಳಿಗೂ ಇದೇ ಇತ್ತು. ಈಗಿನ ಕಾರುಗಳ ತೊಂದರೆ ಅಂದರೆ ಗ್ರೀಸ್ ಹೊಡೆಯಲು ಎಲ್ಲೂ ನಿಪ್ಪಲ್ ಇಲ್ಲ. ಅಂಬಾಸಿಡರ್‌ಗೆ ತಿಂಗಳಿಗೊಮ್ಮೆ ಗ್ರೀಸ್ ಹೊಡೆದು ಮೇಸ್ತ್ರಿಗಳು ಅದರ ಆಯಸ್ಸು ಎಳೆಯುತ್ತಿದ್ದರು. ಈಗಿನ ಬಾಲ್ ಜಾಯಿಂಟ್ ಸೀಲ್ ಮಾಡಿದ್ದು. ಅದರ ರಬ್ಬರ್ ಟೋಪಿ ಹರಿದು ನೀರು ಹೊಕ್ಕರೆ ಮುಗೀತು, ಹೊಸದೇ ಗತಿ.

ನನ್ನ ಕಾಲಿನ ತಪ್ಪೂ ಒಂದಿದೆ. ಗುಂಡಿ ಕಂಡ ಕೂಡಲೇ ಬ್ರೇಕ್ ಒತ್ತಿ, ಒತ್ತಿಕೊಂಡೇ ಗುಂಡಿಗೆ ಇಳಿಸುತ್ತಿದ್ದೆ. ಬ್ರೇಕ್ ಒತ್ತಿದಾಗ ಕಾರು ಮುಂದಕ್ಕೆ ಮುಗ್ಗರಿಸಿ ಸ್ಪ್ರಿಂಗ್ ಆಗಲೇ ಕುಗ್ಗಿರುತ್ತೆ. ಇನ್ನು ಏಟು ತಿನ್ನಲು ಅದಕ್ಕೆ ಜಾಗ ಎಲ್ಲಿ? ಉಬ್ಬಾಗಲಿ ಗುಂಡಿಯಾಗಲಿ, ಮುಂಚೆಯೇ ನಿಧಾನ ಮಾಡಿ, ಗಾಲಿ ಅದನ್ನು ಮುಟ್ಟುವ ಹೊತ್ತಿಗೆ ಬ್ರೇಕ್ ಬಿಟ್ಟಿರಬೇಕು. ಹೇಳುವುದು ಸುಲಭ. ನನಗೆ ಅಭ್ಯಾಸ ಆಗಲು ನಾಲ್ಕು ತಿಂಗಳು ಹಿಡಿಯಿತು. ಈಗಲೂ ಹಿಂದೆ ಬಸ್ಸಿನವನು ಹಾರ್ನ್ ಹೊಡೆದರೆ ಮರೆತುಹೋಗುತ್ತೆ. ಮೈಲೇಜ್ ಆಸೆಗೆ ಟೈರಿಗೆ ಜಾಸ್ತಿ ಗಾಳಿ ತುಂಬಿಸುವುದನ್ನೂ ಬಿಟ್ಟಿದ್ದೇನೆ. ಬಾಗಿಲ ಹತ್ತಿರ ಅಂಟಿಸಿದ ಚೀಟಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟು.

ಸರ್ವಿಸ್ ಸೆಂಟರಿನ ಹುಡುಗ ಸುಳ್ಳು ಹೇಳಿದ ಅಂತ ನನಗೆ ಅನಿಸುವುದಿಲ್ಲ. ರಸ್ತೆ ಕೆಟ್ಟದ್ದೇ. ಆದರೆ ಅಷ್ಟು ದೊಡ್ಡ ಕಾರಣ ಎದುರಿಗೆ ಕೂತಿದ್ದರೆ ಇಕ್ಕಳದ ಗುರುತು, ಸಡಿಲ ಬಿಡಬೇಕಿದ್ದ ಬೋಲ್ಟು, ನೂರು ರೂಪಾಯಿಯ ಸ್ಪ್ರೇ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಕಣ್ಣಿಗೂ ಬೀಳಲಿಲ್ಲ.

ಮೇಸ್ತ್ರಿ ಕೊನೆಗೆ ಒಂದು ಕೆಲಸ ಮಾಡಿದರು. ಬಿಳಿ ಪೇಂಟಿನ ಪೆನ್ನು ತೆಗೆದು ಆರ್ಮ್ ಮೇಲೆ ಕಿಲೋಮೀಟರ್ ಬರೆದರು: 55,210. "ಮುಂದಿನ ಸಲ ಯಾರ್ ಬಿಚ್ಚಿದ್ರೂ ಅವ್ರಿಗೆ ಗೊತ್ತಾಗ್ಲಿ" ಅಂದರು. ಈಗ ಕಾರು 71,000 ದಾಟಿದೆ. ಬುಷ್ ಸದ್ದಿಲ್ಲ. ಆದರೆ ಹೋದ ವಾರದಿಂದ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಬಲಗಡೆ ಸಣ್ಣಗೆ ಟೊಕ್ ಅಂತಿದೆ. ಸ್ಟ್ರಟ್ ಮೌಂಟ್ ಇರಬೇಕು. ಫೋನಿನಲ್ಲಿ ಬಾಯಲ್ಲೇ ಸದ್ದು ಮಾಡಿ ಕೇಳಿಸಿದೆ. "ಇನ್ನೊಂದ್ ಎರಡ್ ತಿಂಗ್ಳು ಓಡ್ಸಿ ಸಾರ್, ಜಾಸ್ತಿ ಆದ್ರೆ ಬನ್ನಿ" ಅಂದರು.

ನಾಳೆ ಭಾನುವಾರ, ಊರಿಗೆ ಹೋಗಬೇಕು. ಈ ಸಲ ಅಕ್ಕಿ ಮೂಟೆ ಬೇಡ, ಬಸ್ಸಿಗೆ ಹಾಕಿಸೋಣ ಅಂತ ಅವ್ವನಿಗೆ ಹೇಳಿದೆ. "ಅದ್ಕೆ ತಾನೆ ಕಾರ್ ತಗಂಡಿರದು" ಅಂದಳು.